ಹುಲ್ಲು ಮತ್ತೆ ಚಿಗುರುತ್ತೆ, ತೆಂಗು ಯಾಕೆ ಚಿಗುರಲ್ಲ?

(ಈ ವಾರದ ಸಂಚಿಕೆಯ ಅಕ್ಷರರೂಪ)

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಕ್ಯಾಲ್ಕ್ಯುಲೇಟರ್ ಬೇಡ, ಬಾಯಿಲೆಕ್ಕ ಸಾಕು.

ನಿಮ್ಮ ಬೀದಿಯಲ್ಲಿ ಒಂದು ಹೊಂಗೆ ಮರ ಇದೆ ಅಂದ್ಕೊಳ್ಳಿ. ಹತ್ತು ವರ್ಷದ ಹಿಂದೆ ಯಾರೋ ಅದರ ಕಾಂಡಕ್ಕೆ, ನೆಲದಿಂದ ಸರಿಯಾಗಿ ನಾಲ್ಕು ಅಡಿ ಎತ್ತರದಲ್ಲಿ, ಒಂದು ಮೊಳೆ ಹೊಡೆದಿದ್ರು. ಆಮೇಲೆ ಮರ ವರ್ಷಕ್ಕೆ ಒಂದಡಿಯಂತೆ ಹತ್ತು ಅಡಿ ಎತ್ತರ ಬೆಳೀತು. ಹಾಗಾದ್ರೆ ಆ ಮೊಳೆ ಈಗ ಎಷ್ಟು ಎತ್ತರದಲ್ಲಿರುತ್ತೆ?

ಹದಿನಾಲ್ಕು ಅಡಿ ಅಂದ್ರಾ? ನಾನು ಕೇಳಿದ ಸುಮಾರು ಜನ ಹಾಗೇ ಅಂದ್ರು. ಉತ್ತರ ನಾಲ್ಕೇ ಅಡಿ. ಮೊಳೆ ಇದ್ದಲ್ಲೇ ಇರುತ್ತೆ. ಮರದ ಕಾಂಡ ಲಿಫ್ಟ್ ಥರ ಮೇಲಕ್ಕೆ ಹೋಗಲ್ಲ. ಎತ್ತರ ಬೆಳೆಯೋದು ತುದಿಗಳಲ್ಲಿ ಮಾತ್ರ. ಕೆಳಗಿನ ಕಾಂಡ ದಪ್ಪ ಆಗುತ್ತೆ, ಆ ದಪ್ಪದೊಳಗೆ ಮೊಳೆ ನಿಧಾನವಾಗಿ ಹೂತುಹೋಗುತ್ತೆ.

ಈಗ ಇದೇ ಲೆಕ್ಕವನ್ನ ಹುಲ್ಲಿನ ಮೇಲೆ ಮಾಡಿ. ಎಳೆಯ ಜೋಳದ್ದೋ ಮೆಕ್ಕೆಜೋಳದ್ದೋ ಗಿಡದಲ್ಲಿ, ಸುಳಿಯಿಂದ ಆಗಷ್ಟೇ ಹೊರಗೆ ಬರ್ತಿರೋ ಎಲೆ ಇರುತ್ತಲ್ಲ, ಅದರ ಮೇಲೆ ಪೆನ್ನಲ್ಲಿ ಒಂದು ಚುಕ್ಕೆ ಇಡಿ. ಎರಡು ಮೂರು ದಿನ ಬಿಟ್ಟು ನೋಡಿ. ಚುಕ್ಕೆ ಮೇಲಕ್ಕೆ ಹೋಗಿರುತ್ತೆ! ಯಾಕಂದ್ರೆ ಹುಲ್ಲಿನ ಎಲೆ ಬೆಳೆಯೋದು ಬುಡದಿಂದ. ತುದಿಯೇ ಅದರ ಅತಿ ಹಳೆಯ ಭಾಗ.

ಮರದ ಮೊಳೆ ಅಲ್ಲೇ ನಿಂತಿತು, ಹುಲ್ಲಿನ ಚುಕ್ಕೆ ಮೇಲೆ ಹೋಯಿತು. ಈ ಎರಡರ ನಡುವಿನ ವ್ಯತ್ಯಾಸವೇ ಇವತ್ತಿನ ವಿಷಯ. ಗಿಡ ಬೆಳೆಯೋದು ಎಲ್ಲಿ? ಆ ಜಾಗ ಹೋದ್ರೆ ಏನಾಗುತ್ತೆ?

ಇದನ್ನ ಹೇಳೋಕೆ ನೀನ್ಯಾರು ಅಂತ ಕೇಳಬಹುದು. ನಾನು ಬಿ.ಕಾಂ ಓದಿದವಳು. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ವಿಜ್ಞಾನದ ಪುಸ್ತಕ ಅಟ್ಟ ಸೇರಿತು. ಒಂಬತ್ತನೇ ಕ್ಲಾಸಲ್ಲಿ ‘ಅಂಗಾಂಶಗಳು’ ಅಂತ ಒಂದು ಪಾಠ ಇತ್ತು, ಅದರಲ್ಲಿ ‘ವರ್ಧನ ಅಂಗಾಂಶ’ ಅಂತ ಒಂದು ಪದ. ಅವತ್ತು ಅದು ಎರಡು ಅಂಕದ ಪ್ರಶ್ನೆ, ಅಷ್ಟೆ. ಈಗ ಮತ್ತೆ ಕೂತು ಓದಿದೆ, ತೋಟ ಹೊಲ ಇರೋ ನೆಂಟರ ಹತ್ರ ಮಾತಾಡಿದೆ. ಆ ಎರಡು ಅಂಕದ ಹಿಂದೆ ರೈತರ ದುಡ್ಡಿದೆ, ದನದ ಜೀವ ಇದೆ, ನಮ್ಮ ಬೀದಿ ಮರದ ಆಯಸ್ಸಿದೆ.

ಸರಿ, ಮೊದಲು ಬೇಸಿಕ್ಸ್. ಒಂದು ಮಗು ಬೆಳೆಯುವಾಗ ಕೈ, ಕಾಲು, ಬೆರಳು, ಮೂಗು ಎಲ್ಲವೂ ಒಟ್ಟಿಗೆ ದೊಡ್ಡದಾಗುತ್ತೆ. ಗಿಡ ಹಾಗಲ್ಲ. ಗಿಡದಲ್ಲಿ ಹೊಸ ಜೀವಕೋಶಗಳು ಹುಟ್ಟೋದು ಕೆಲವೇ ಜಾಗಗಳಲ್ಲಿ. ಆ ಜಾಗದ ಕೋಶಗಳು ಚಿಕ್ಕವು, ತೆಳು ಗೋಡೆಯವು, ಒಂದು ಎರಡಾಗೋದು, ಎರಡು ನಾಲ್ಕಾಗೋದು, ಇದೇ ಅವುಗಳ ಕೆಲಸ. ಹೀಗೆ ಹುಟ್ಟಿದ ಕೋಶಗಳು ಆಮೇಲೆ ಉದ್ದವಾಗಿ, ಗಟ್ಟಿಯಾಗಿ, ಎಲೆಯೋ ನಾರೋ ತೊಗಟೆಯೋ ಆಗ್ತವೆ. ಒಮ್ಮೆ ಗಟ್ಟಿಯಾದ ಕೋಶ ಸಾಮಾನ್ಯವಾಗಿ ಮತ್ತೆ ಒಡೆಯೋಕೆ ಹೋಗಲ್ಲ. ಹೊಸ ಕೋಶ ಹುಟ್ಟಿಸುವ ಈ ಜಾಗವೇ ವರ್ಧನ ಅಂಗಾಂಶ. ಇದಕ್ಕೆ ‘ಮೆರಿಸ್ಟೆಮ್’ ಅಂತ ಹೆಸರಿಟ್ಟವರು ಕಾರ್ಲ್ ನೇಗೆಲಿ ಅನ್ನೋ ಸ್ವಿಸ್ ಸಸ್ಯವಿಜ್ಞಾನಿ, 1858ರಲ್ಲಿ. ಗ್ರೀಕ್ ಭಾಷೆಯಲ್ಲಿ ‘ಭಾಗವಾಗು’ ಅನ್ನೋ ಅರ್ಥದ ಪದದಿಂದ ಬಂದದ್ದು.

ಇದರಲ್ಲಿ ಮೂರು ಬಗೆ. ಒಂದು, ಚಿಗುರಿನ ಮತ್ತು ಬೇರಿನ ತುದಿಯಲ್ಲಿರೋದು. ಇದು ಉದ್ದ ಬೆಳೆಸುತ್ತೆ. ಎರಡು, ಕಾಂಡದ ಪಕ್ಕದಲ್ಲಿ, ತೊಗಟೆಯ ಕೆಳಗೆ ಇರೋದು. ಇದು ದಪ್ಪ ಬೆಳೆಸುತ್ತೆ. ಮೂರು, ನಡುನಡುವೆ, ಗೆಣ್ಣಿನ ಹತ್ರ ಮತ್ತು ಎಲೆಯ ಬುಡದಲ್ಲಿ ಇರೋದು. ಇದು ಮುಖ್ಯವಾಗಿ ಹುಲ್ಲಿನ ಜಾತಿಯ ಗುಟ್ಟು.

ಪುಸ್ತಕ ಇಷ್ಟು ಹೇಳುತ್ತೆ. ಆದ್ರೆ ನಮ್ಮ ರೈತರ ಹತ್ರ ಇದಕ್ಕೆ ಮೊದಲಿಂದಲೂ ಒಂದು ಪದ ಇದೆ: ಸುಳಿ. ತೆಂಗಿನ ಸುಳಿ, ಬಾಳೆ ಸುಳಿ, ಜೋಳದ ಸುಳಿ. ರೋಗಕ್ಕೂ ಅದೇ ಹೆಸರು, ಸುಳಿ ಕೊಳೆ. ಹುಳಕ್ಕೂ ಅದೇ ಹೆಸರು, ಸುಳಿ ನೊಣ. ಗಿಡದ ಜೀವ ಎಲ್ಲಿದೆ ಅಂತ ಗೊತ್ತಿದ್ದವರಷ್ಟೇ ಹೀಗೆ ಹೆಸರಿಡೋಕೆ ಸಾಧ್ಯ.

ತುದಿಯಿಂದ ಶುರು ಮಾಡ್ತೀನಿ. ಕಲಬುರಗಿ ಕಡೆ ತೊಗರಿ ಬೆಳೆಯೋರು ‘ಕುಡಿ ಚಿವುಟೋದು’ ಅಂತ ಒಂದು ಕೆಲಸ ಮಾಡ್ತಾರೆ. ಗಿಡ ಬೆಳೀತಿರೋ ಹೊತ್ತಲ್ಲಿ ತುದಿಯ ಎಳೆ ಕುಡಿಯನ್ನ ಚಿವುಟಿ ತೆಗೀತಾರೆ. ಕಡಲೆ ಗಿಡಕ್ಕೂ ಹಾಗೇ ಮಾಡೋರಿದ್ದಾರೆ, ಆ ಕುಡಿ ಕಡಲೆ ಸೊಪ್ಪಿನ ಪಲ್ಯ ಆಗುತ್ತೆ. ಬೆಳೀತಿರೋ ಗಿಡದ ತಲೆ ಯಾಕೆ ತೆಗೀಬೇಕು? ತುದಿಯ ಸುಳಿ ಆಕ್ಸಿನ್ ಅನ್ನೋ ಹಾರ್ಮೋನನ್ನ ಕೆಳಕ್ಕೆ ಕಳಿಸ್ತಾ ಇರುತ್ತೆ. ಎಲೆಗಳ ಸಂದಿಯಲ್ಲಿ ಮಲಗಿರೋ ಮೊಗ್ಗುಗಳಿಗೆ ಅದು ‘ಈಗಲೇ ಏಳಬೇಡಿ’ ಅಂತ ಹೇಳಿದ ಹಾಗೆ. ತುದಿ ಹೋಯ್ತು ಅಂದ್ರೆ ಆ ತಡೆ ಹೋಯ್ತು. ಪಕ್ಕದ ಮೊಗ್ಗುಗಳೆಲ್ಲ ಎದ್ದು ಕವಲು ಒಡೀತವೆ. ಕವಲು ಜಾಸ್ತಿ ಆದ್ರೆ ಹೂ ಜಾಸ್ತಿ, ಕಾಯಿ ಜಾಸ್ತಿ. ನಿಮ್ಮ ಮನೆ ತುಳಸಿಗೂ ಇದೇ ನಿಯಮ. ಉದ್ದಕ್ಕೆ ಕಡ್ಡಿ ಥರ ಬೆಳೀತಿದ್ರೆ ತುದಿ ಚಿವುಟಿ, ಗುಂಪಾಗುತ್ತೆ.

ಇದು ನಡೆಯೋದು ತೊಗರಿಗೆ, ತುಳಸಿಗೆ ಮೀಸಲು ಮೊಗ್ಗುಗಳು ಇರೋದ್ರಿಂದ. ಮೀಸಲೇ ಇಲ್ಲದ ಗಿಡದ ತುದಿ ಹೋದ್ರೆ?

ಅದೇ ತೆಂಗು. ತೆಂಗಿನ ಮರಕ್ಕೆ ಇಡೀ ಜೀವಮಾನಕ್ಕೆ ಇರೋದು ಒಂದೇ ಸುಳಿ. ತಲೆಯ ಮೇಲೆ, ಗರಿಗಳ ನಡುವೆ, ಮೆತ್ತಗೆ ಬೆಳ್ಳಗೆ ಕೂತಿರುತ್ತೆ. ಪ್ರತಿ ಗರಿ, ಪ್ರತಿ ಹೊಂಬಾಳೆ, ಪ್ರತಿ ಕಾಯಿ ಶುರುವಾಗೋದು ಅಲ್ಲಿಂದಲೇ. ಕೆಳಗೆ ಅರವತ್ತು ಅಡಿ ಕಾಂಡ ಇದ್ರೂ ಅದರಲ್ಲಿ ಮತ್ತೆ ಚಿಗುರೋ ಒಂದು ಮೊಗ್ಗೂ ಇಲ್ಲ. ಅಡಿಕೆಗೂ ಇದೇ ಪಾಡು.

ತಿಪಟೂರು ಕಡೆ ನನ್ನ ಸೋದರಮಾವನ ತೋಟ ಇದೆ. ಒಂದು ಮಳೆಗಾಲದಲ್ಲಿ ಎರಡು ಮರಕ್ಕೆ ಸುಳಿ ಕೊಳೆ ಬಂತು. ನಡುವಿನ ಎಳೆಯ ಗರಿ ಹಳದಿಯಾಗಿ, ಬಾಗಿ, ಎಳೆದ್ರೆ ಕೈಗೆ ಬರೋ ಹಾಗೆ ಆಗುತ್ತೆ, ಕೆಟ್ಟ ವಾಸನೆ ಬೇರೆ. ಒಂದು ಮರದಲ್ಲಿ ಬೇಗ ಗೊತ್ತಾಯ್ತು. ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು ಬೋರ್ಡೋ ಪೇಸ್ಟ್ ಹಚ್ಚಿಸಿದ್ರು, ಒಳಗಿನ ಸುಳಿಗೆ ಪೆಟ್ಟು ಬಿದ್ದಿರಲಿಲ್ಲ, ಮರ ಉಳೀತು. ಇನ್ನೊಂದರಲ್ಲಿ ಕೊಳೆ ಸುಳಿಗೇ ಇಳಿದಿತ್ತು. ವಿಚಿತ್ರ ಅಂದ್ರೆ ಆ ಮರದ ಹೊರಗಿನ ಗರಿಗಳು ಇನ್ನೂ ಹಸಿರಾಗೇ ಇದ್ವು, ಕಾಯಿ ಕೂಡ ಇತ್ತು. ‘ಇನ್ನೂ ಹಸಿರಿದೆಯಲ್ಲ ಮಾವ’ ಅಂದೆ. ‘ಸುಳಿ ಹೋದ್ಮೇಲೆ ಅದು ಮರ ಅಲ್ಲ ಕಣಮ್ಮ, ಕಂಬ’ ಅಂದ್ರು. ಎತ್ತರದ ತಳಿಯ ತೆಂಗು ಫಲಕ್ಕೆ ಬರೋಕೇ ಆರೇಳು ವರ್ಷ ಬೇಕು, ಆಮೇಲೆ ಐವತ್ತು ಅರವತ್ತು ವರ್ಷ ಕಾಯಿ ಕೊಡಬಹುದು. ಒಂದು ಮುಷ್ಟಿಯಷ್ಟು ಮೆತ್ತನೆ ಭಾಗ ಹೋಗಿದ್ದಕ್ಕೆ ಅಷ್ಟೂ ವರ್ಷದ ಆದಾಯ ಹೋಯ್ತು.

ತೆಂಗಿನ ಗರಿಯಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ಸಾಲಾಗಿ ಮೂಲೆ ಮೂಲೆ ಕಚ್ಚು ನೋಡಿದ್ದೀರಾ? ಅದು ರೈನೋಸಿರಸ್ ದುಂಬಿಯ ಕೆಲಸ. ಅದು ಬಿಡಿಸಿದ ಗರಿಯನ್ನ ಒಂದೊಂದಾಗಿ ಕತ್ತರಿಸಿರಲ್ಲ. ಗರಿ ಇನ್ನೂ ಸುಳಿಯಲ್ಲಿ ಬೀಸಣಿಗೆ ಥರ ಮಡಚಿಕೊಂಡಿದ್ದಾಗ ಅಡ್ಡಕ್ಕೆ ಕೊರೆದು ಹೋಗಿರುತ್ತೆ. ಮಕ್ಕಳು ಪೇಪರ್ ಮಡಚಿ ಒಂದು ಕಡೆ ಕತ್ತರಿಸಿ ಬಿಡಿಸಿದ್ರೆ ಸಾಲು ಚಿತ್ತಾರ ಬರುತ್ತಲ್ಲ, ಹಾಗೆ. ಗರಿ ಹೊರಗೆ ಬಂದು ಬಿಚ್ಚಿಕೊಂಡಾಗ ನಮಗೆ ಕಾಣೋದು ಹಿಂದೆ ಯಾವಾಗಲೋ ನಡೆದ ಹಾನಿ. ದುಂಬಿ ಸುಳಿಯನ್ನೇ ಮುಟ್ಟಿದ್ರೆ ಮರವೇ ಹೋಗುತ್ತೆ.

ಈಗ ಹುಲ್ಲಿಗೆ ಬರೋಣ. ಕುತೂಹಲದ ವಿಷಯ ಏನಂದ್ರೆ, ತೆಂಗು ಮತ್ತು ಹುಲ್ಲು ಎರಡೂ ಏಕದಳ ಸಸ್ಯಗಳು. ಸಂಸ್ಕೃತದಲ್ಲಿ ತಾಳೆ ಮರಕ್ಕೆ ‘ತೃಣರಾಜ’, ಅಂದ್ರೆ ಹುಲ್ಲುಗಳ ರಾಜ, ಅನ್ನೋ ಹೆಸರೇ ಇದೆ. ಆದ್ರೆ ರಾಜ ತನ್ನ ಜೀವವನ್ನ ತಲೆ ಮೇಲೆ ಇಟ್ಕೊಂಡ. ಪ್ರಜೆಗಳು ಮಣ್ಣಲ್ಲಿ ಬಚ್ಚಿಟ್ಟರು.

ಎಳೆಯ ರಾಗಿ ಪೈರನ್ನೋ ಭತ್ತದ ಪೈರನ್ನೋ ನೋಡಿ. ನಿಮಗೆ ಕಾಂಡ ಅಂತ ಕಾಣೋದು ನಿಜವಾಗಿ ಕಾಂಡ ಅಲ್ಲ. ಎಲೆಗಳ ಬುಡದ ಭಾಗ ಒಂದರೊಳಗೊಂದು ಸುತ್ತಿಕೊಂಡಿರೋದು. ನಿಜವಾದ ಕಾಂಡ ಮತ್ತು ಅದರ ತುದಿಯ ಸುಳಿ ಬುಡದಲ್ಲಿ, ನೆಲದ ಮಟ್ಟದಲ್ಲೇ ಇರುತ್ತೆ. ಹಸು ಬಂದು ಮೇಯ್ದ್ರೆ ಅದಕ್ಕೆ ಸಿಗೋದು ಎಲೆಯ ಹಳೆಯ ಭಾಗ ಮಾತ್ರ. ಬೆಳೆಯೋ ಜಾಗ ಹಸುವಿನ ಬಾಯಿಗೆ ಸಿಗಲ್ಲ. ಉಳಿದ ಎಲೆಯ ಬುಡ ಬೆಳೀತಾ ಮೇಲಕ್ಕೆ ತಳ್ಳುತ್ತೆ, ಸುಳಿ ಹೊಸ ಎಲೆ ಕಳಿಸುತ್ತೆ.

ಇದನ್ನ ಅಡುಗೆಮನೆಯಲ್ಲೇ ನೋಡಬಹುದು. ಈರುಳ್ಳಿ ಸೊಪ್ಪಿನ ಬೇರಿನ ತುಂಡನ್ನ ನೀರಿರೋ ಲೋಟದಲ್ಲಿ ಇಡೋ ರೀಲ್ಸ್ ನೀವು ನೋಡಿರ್ತೀರಿ. ಈರುಳ್ಳಿ ಹುಲ್ಲಲ್ಲ, ಆದ್ರೆ ಅದರ ಎಲೆಯೂ ಬುಡದಿಂದ ಬೆಳೆಯೋದು. ಅದಕ್ಕೇ ಕತ್ತರಿಸಿದ ತುದಿಯ ನಡುವಿನಿಂದ ಹೊಸ ಎಲೆ ಮೇಲೆ ಬರುತ್ತೆ. ಬಾಳೆಯೂ ಹಾಗೇ. ಗೊನೆ ಬಿಡದ ಬಾಳೆ ಗಿಡವನ್ನ ಅಡ್ಡ ಕಡಿದ್ರೆ, ಕೆಲವೇ ಗಂಟೆಯಲ್ಲಿ ನಡುವಿನ ಸುರುಳಿ ಮೇಲೆದ್ದಿರುತ್ತೆ. ಅಲ್ಲೂ ಸುಳಿ ನೆಲದ ಮಟ್ಟದ ಗಡ್ಡೆಯಲ್ಲಿ ಸುರಕ್ಷಿತ. ಮಾವಿನ ಎಲೆಯನ್ನ ಅರ್ಧ ಕತ್ತರಿಸಿ ನೋಡಿ, ಎಷ್ಟು ದಿನ ಕಾದ್ರೂ ಅದು ಅರ್ಧವೇ.

ಇದರಿಂದ ಇನ್ನೊಂದು ವಿಷಯ ಗೊತ್ತಾಗುತ್ತೆ. ಕ್ರಿಕೆಟ್ ಮೈದಾನದಲ್ಲಿ ದಿನಾ ಹುಲ್ಲು ಕತ್ತರಿಸಿದ್ರೂ ಹುಲ್ಲು ಸಾಯಲ್ಲ, ಇನ್ನೂ ದಟ್ಟ ಆಗುತ್ತೆ. ಯಾಕಂದ್ರೆ ಮಷೀನು ಹಾದು ಹೋದಾಗ ಪೆಟ್ಟು ಬೀಳೋದು ತುದಿಯಲ್ಲಿ ಸುಳಿ ಇಟ್ಕೊಂಡ ಎತ್ತರದ ಕಳೆಗಳಿಗೆ. ಹುಲ್ಲಿಗೆ ಎಲೆ ಹೋಗುತ್ತೆ, ಕಳೆಗೆ ತಲೆ ಹೋಗುತ್ತೆ. ಕತ್ತರಿಸೋದು ಹುಲ್ಲಿನ ಎದುರಾಳಿಯನ್ನ ಹಿಂದೆ ಸರಿಸುತ್ತೆ. ಮೇಯೋ ಪ್ರಾಣಿಗಳ ಜೊತೆಗಿನ ಹುಲ್ಲಿನ ಸಂಬಂಧ ಬಹಳ ಹಳೇದು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಡೈನೋಸಾರ್ ಸಗಣಿಯ ಪಳೆಯುಳಿಕೆಯಲ್ಲಿ ಹುಲ್ಲಿನ ಸೂಕ್ಷ್ಮ ಸಿಲಿಕಾ ಕಣಗಳನ್ನ ವಂದನಾ ಪ್ರಸಾದ್ ಮತ್ತು ಸಂಗಡಿಗರು ಗುರುತಿಸಿ 2005ರಲ್ಲಿ ಪ್ರಕಟಿಸಿದ್ರು. ಅಂದ್ರೆ ಡೈನೋಸಾರ್ ಕಾಲಕ್ಕೇ ಹುಲ್ಲು ಇತ್ತು, ಅದನ್ನ ತಿನ್ನೋರೂ ಇದ್ದರು.

ಕಾಮರ್ಸ್ ಭಾಷೆಯಲ್ಲಿ ಹೇಳಬೇಕಂದ್ರೆ, ಹುಲ್ಲಿಗೆ ಸುಳಿ ಅಸಲು, ಎಲೆ ಬಡ್ಡಿ. ಬಡ್ಡಿ ತಿಂದ್ರೆ ಮತ್ತೆ ಬರುತ್ತೆ. ಹಾಗಂತ ದಿನಾ ಬೆಳಗ್ಗೆ ಬುಡದ ತನಕ ಬಡ್ಡಿ ಎಳೀತಾ ಹೋದ್ರೆ ಅಸಲು ಕರಗುತ್ತೆ. ಎಲೆಯೇ ಇಲ್ಲದೆ ಆಹಾರ ತಯಾರಾಗಲ್ಲ, ಬುಡದಲ್ಲಿ ಕೂಡಿಟ್ಟಿದ್ದು ಮುಗೀತು ಅಂದ್ರೆ ಹುಲ್ಲೂ ಸಾಯುತ್ತೆ. ಅತಿಯಾಗಿ ಮೇದ ಗೋಮಾಳ ಬೋಳಾಗೋದು ಹೀಗೆ. ಅದಕ್ಕೇ ಲಾನ್ ನೋಡ್ಕೊಳ್ಳೋರು ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ ಅನ್ನೋದು.

ರೈತರು ಈ ಗುಣವನ್ನ ಬಳಸಿಕೊಂಡಿರೋ ರೀತಿ ನೋಡಿದ್ರೆ ಖುಷಿ ಆಗುತ್ತೆ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯಲ್ಲಿ, ದೂರ ದೂರ ನಾಟಿ ಮಾಡಿದ ಎಳೆ ಪೈರಿನ ಮೇಲೆ ಕೊರಡು ಅನ್ನೋ ಮರದ ಸಾಧನ ಎಳೀತಾರೆ. ಮೊದಲ ಸಲ ನೋಡಿದವರಿಗೆ ಪೈರನ್ನ ಹಾಳು ಮಾಡ್ತಿದ್ದಾರೆ ಅನ್ಸುತ್ತೆ. ಆದ್ರೆ ಸುಳಿ ಬುಡದಲ್ಲಿರೋದ್ರಿಂದ ಅದಕ್ಕೇನೂ ಆಗಲ್ಲ. ಬಾಗಿದ ಪೈರಿನ ಬುಡದ ಮೊಗ್ಗುಗಳು ಎದ್ದು ತೆಂಡೆ ಜಾಸ್ತಿ ಒಡೀತವೆ. ತೆಂಡೆ ಜಾಸ್ತಿ ಆದ್ರೆ ತೆನೆ ಜಾಸ್ತಿ.

ಆದ್ರೆ ಹುಲ್ಲು ಸದಾ ಸುರಕ್ಷಿತ ಅಂತ ಅಲ್ಲ. ಎರಡು ಸಂದರ್ಭದಲ್ಲಿ ಅದರ ಸುಳಿ ಬಯಲಿಗೆ ಬೀಳುತ್ತೆ.

ಮೊದಲನೇದು ಹುಳದ ಕಾಟ. ಹಸುವಿನ ಬಾಯಿಗೆ ಸಿಗದ ಸುಳಿ ಸಣ್ಣ ಹುಳಕ್ಕೆ ಸಿಗುತ್ತೆ. ಜೋಳದ ಸುಳಿ ನೊಣದ ಮರಿಹುಳ ಎಲೆ ಸುರುಳಿಯೊಳಗೆ ಇಳಿದು ಸೀದಾ ಬೆಳೆಯೋ ತುದಿಯನ್ನ ಕತ್ತರಿಸುತ್ತೆ. ಸುತ್ತಲ ಎಲೆ ಹಸಿರು, ನಡುವಿನ ಸುಳಿ ಮಾತ್ರ ಒಣಗಿ ನಿಂತಿರುತ್ತೆ. 2018ರಲ್ಲಿ ಭಾರತದಲ್ಲೇ ಮೊದಲ ಬಾರಿಗೆ ನಮ್ಮ ಶಿವಮೊಗ್ಗದಲ್ಲಿ ಪತ್ತೆಯಾದ ಫಾಲ್ ಸೈನಿಕ ಹುಳ ಕೂಡ ಮೆಕ್ಕೆಜೋಳದ ಸುಳಿಯಲ್ಲೇ ಮನೆ ಮಾಡೋದು. ಅದಕ್ಕೇ ಔಷಧಿ ಹೊಡೆಯೋವಾಗ ಎಲೆ ಮೇಲಲ್ಲ, ಸುಳಿಯೊಳಗೆ ಬೀಳಬೇಕು ಅಂತ ಹೇಳೋದು.

ಎರಡನೇದು ಹೂ ಬಿಡೋ ಕಾಲ. ತೆನೆ ಅಂದ್ರೆ ಏನು? ಬುಡದಲ್ಲಿ ಎಲೆ ತಯಾರಿಸ್ತಿದ್ದ ಅದೇ ಸುಳಿ ಕೆಲಸ ಬದಲಿಸಿ ಹೂಗೊಂಚಲು ಆಗಿ ಮೇಲೆ ಬಂದದ್ದು. ಆಮೇಲೆ ಆ ಕಡ್ಡಿಯನ್ನ ಕೊಯ್ದ್ರೆ ಅದರ ಕಥೆ ಮುಗೀತು, ಅದು ಮತ್ತೆ ಎಲೆ ಬಿಡಲ್ಲ. ಹೊಸದು ಬರಬೇಕಂದ್ರೆ ಬುಡದ ಇನ್ನೊಂದು ಮೊಗ್ಗು ಏಳಬೇಕು. ಕಬ್ಬಿನ ಕೂಳೆ ಬೆಳೆ ನಿಂತಿರೋದು ಇದರ ಮೇಲೇ. ಮಂಡ್ಯದಲ್ಲಾಗಲಿ ಬೆಳಗಾವಿಯಲ್ಲಾಗಲಿ ಕಬ್ಬನ್ನ ನೆಲದ ಮಟ್ಟಕ್ಕೆ ಕಡೀರಿ ಅನ್ನೋದು ಬರೀ ತೂಕಕ್ಕಲ್ಲ. ಮಣ್ಣೊಳಗಿನ ಗೆಣ್ಣಿನ ಕಣ್ಣುಗಳು ಚಿಗುರಿದ್ರೆ ಅವಕ್ಕೆ ಸ್ವಂತ ಬೇರು ಗಟ್ಟಿಯಾಗಿ ಬರುತ್ತೆ, ಮೇಲಿನ ಕೂಳೆ ತುಂಡಿನಿಂದ ಚಿಗುರಿದ್ದು ಜೊಳ್ಳಾಗುತ್ತೆ.

ಈಗ ಗೆಣ್ಣಿನ ವಿಷಯ. ಚಿಕ್ಕವರಿದ್ದಾಗ ಉದ್ದ ಹುಲ್ಲಿನ ಕಡ್ಡಿ ಎಳೆದು, ಅದರ ಬುಡ ಕಚ್ಚಿದ್ದು ನೆನಪಿದೆಯಾ? ಕಡ್ಡಿ ಜಾರಿ ಬರುತ್ತೆ, ಅದರ ಕೆಳತುದಿ ಬಿಳಿ, ಮೆತ್ತಗೆ, ಸ್ವಲ್ಪ ಸಿಹಿ. ಆ ಮೆತ್ತನೆ ಜಾಗವೇ ನಡುವಿನ ವರ್ಧನ ಅಂಗಾಂಶ. ಮೇಲೆ ಗಟ್ಟಿಯಾದ ಕಡ್ಡಿ, ಕೆಳಗೆ ಗಟ್ಟಿ ಗೆಣ್ಣು, ನಡುವೆ ಇನ್ನೂ ಬೆಳೀತಿರೋ ಎಳೆ ಭಾಗ. ಹುಲ್ಲಿಗೆ ಇಂಥ ಜಾಗ ಒಂದಲ್ಲ, ಬೆಳೀತಿರೋ ಪ್ರತಿ ಗೆಣ್ಣಿನ ಮೇಲೂ ಒಂದೊಂದು. ಅದಕ್ಕೇ ಬಿದಿರು ಅಷ್ಟು ಬೇಗ ಏರೋದು. ಎಲ್ಲ ಗೆಣ್ಣುಗಳೂ ಕಳಲೆಯಲ್ಲೇ ಒತ್ತೊತ್ತಾಗಿ ತಯಾರಿರುತ್ತವೆ, ಆಮೇಲೆ ಒಂದೊಂದೇ ಚಾಚಿಕೊಳ್ತವೆ. ಕೆಲವು ಜಾತಿಯ ಬಿದಿರು ದಿನಕ್ಕೆ 91 ಸೆಂಟಿಮೀಟರ್ ತನಕ ಬೆಳೆದ ದಾಖಲೆ ಇದೆ. ಆದ್ರೆ ದಪ್ಪ ಮಾತ್ರ ಕಳಲೆ ಎಷ್ಟಿತ್ತೋ ಅಷ್ಟೇ.

ಗಾಳಿ ಮಳೆಗೆ ಮಲಗಿದ ಪೈರು ಮತ್ತೆ ತಲೆ ಎತ್ತೋದೂ ಗೆಣ್ಣಿನಿಂದಲೇ. ಗೆಣ್ಣಿನ ಕೆಳಬದಿ ಮೇಲ್ಬದಿಗಿಂತ ಜಾಸ್ತಿ ಬೆಳೆದು ಕಡ್ಡಿಯನ್ನ ಮೇಲಕ್ಕೆ ಬಗ್ಗಿಸುತ್ತೆ. ಆದ್ರೆ ತೆನೆ ಭಾರ ಜಾಸ್ತಿ ಆದಾಗ, ಕಡ್ಡಿ ಬಲಿತಾಗ ಇದು ಸಾಲಲ್ಲ, ಬೆಳೆ ನೆಲಕ್ಕೆ ಬಿದ್ದೇ ಹೋಗುತ್ತೆ. ಇಲ್ಲಿಂದಲೇ ಹಸಿರು ಕ್ರಾಂತಿಯ ಕಥೆ ಶುರು. 1926ರಲ್ಲಿ ಕುರೊಸಾವಾ ಅನ್ನೋ ಜಪಾನಿ ವಿಜ್ಞಾನಿ, ಭತ್ತದ ಸಸಿಗಳನ್ನ ವಿಪರೀತ ಉದ್ದ ಬೆಳೆಸಿ ಬೀಳಿಸೋ ಒಂದು ರೋಗ ಶಿಲೀಂಧ್ರ ಬಿಡುಗಡೆ ಮಾಡೋ ವಸ್ತುವಿನಿಂದ ಬರುತ್ತೆ ಅಂತ ತೋರಿಸಿದ್ರು. ಆ ವಸ್ತುವೇ ಜಿಬ್ಬರೆಲಿನ್. ಗಿಡಗಳೂ ಅದನ್ನ ತಯಾರಿಸ್ತವೆ, ಗೆಣ್ಣಿನ ನಡುವಿನ ಭಾಗ ಉದ್ದ ಆಗೋಕೆ ಅದು ಬೇಕು. 1966ರಲ್ಲಿ ಬಂದ ಐಆರ್8 ಭತ್ತದಲ್ಲಿ ಜಿಬ್ಬರೆಲಿನ್ ತಯಾರಿಕೆ ಕಮ್ಮಿ. ನಾರ್ಮನ್ ಬೋರ್ಲಾಗ್ ಅವರ ಗಿಡ್ಡ ಗೋಧಿಯಲ್ಲಿ ಅದಕ್ಕೆ ಸ್ಪಂದನೆ ಕಮ್ಮಿ. ಎರಡರ ಫಲವೂ ಒಂದೇ: ಗೆಣ್ಣುಗಳ ನಡುವಿನ ಅಂತರ ಗಿಡ್ಡ, ಗೊಬ್ಬರ ಹಾಕಿದ್ರೂ ಬೀಳಲ್ಲ, ಕಡ್ಡಿಗೆ ಹೋಗೋದು ಕಾಳಿಗೆ ಹೋಗುತ್ತೆ.

ಇಲ್ಲಿ ಒಂದು ಎಚ್ಚರಿಕೆ. ಹಳ್ಳಿಯಲ್ಲಿ ದನ ಕುರಿ ಇರೋರು ದಯವಿಟ್ಟು ಗಮನ ಕೊಡಿ. ಬೆಳೀತಿರೋ ಎಳೆ ಭಾಗ ಗಿಡಕ್ಕೆ ಅಷ್ಟು ಮುಖ್ಯ ಆದ್ರಿಂದ ಕೆಲವು ಹುಲ್ಲುಗಳು ಅದಕ್ಕೆ ವಿಷದ ಕಾವಲು ಇಟ್ಟಿವೆ. ಎಳೆಯ ಜೋಳದಲ್ಲಿ, ಕೊಯ್ದ ಮೇಲೆ ಬರೋ ಕೂಳೆ ಚಿಗುರಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಚಿಗುರಲ್ಲಿ, ಡುರಿನ್ ಅನ್ನೋ ವಸ್ತು ಜಾಸ್ತಿ ಇರುತ್ತೆ. ದನ ಅಗಿದ ತಕ್ಷಣ ಅದರಿಂದ ಸೈನೈಡ್ ಬಿಡುಗಡೆ ಆಗುತ್ತೆ. ಹಸಿದ ದನ ಹೊಟ್ಟೆ ತುಂಬ ಮೇಯ್ದ್ರೆ ಸ್ವಲ್ಪ ಹೊತ್ತಲ್ಲೇ ಉಸಿರಾಟ ಕಷ್ಟವಾಗಿ ಬಿದ್ದು ಸಾಯಬಹುದು. ಇದಕ್ಕೆ ಮದ್ದಿದೆ, ಆದ್ರೆ ಪಶುವೈದ್ಯರು ಬೇಗ ಬರಬೇಕು. ಹೂ ಬಿಟ್ಟು ಬಲಿತ ಜೋಳದಲ್ಲಿ ಈ ಅಪಾಯ ಬಹಳ ಕಮ್ಮಿ. ‘ಕೂಳೆ ಜೋಳಕ್ಕೆ ದನ ಬಿಡಬೇಡ’ ಅಂತ ಅಜ್ಜ ಅಜ್ಜಿ ಹೇಳಿದ್ರೆ ಅದು ಮೂಢನಂಬಿಕೆ ಅಲ್ಲ, ಕೆಮಿಸ್ಟ್ರಿ. ಮಲೆನಾಡು, ಕೊಡಗಿನಲ್ಲಿ ಕಳಲೆಯನ್ನ ಹೆಚ್ಚಿ, ದಿನಾ ನೀರು ಬದಲಿಸ್ತಾ ನೆನೆಸಿಟ್ಟು ಆಮೇಲೆ ಅಡುಗೆ ಮಾಡೋದೂ ಇದೇ ಕಾರಣಕ್ಕೆ. ಕಳಲೆಯಲ್ಲೂ ಸೈನೈಡ್ ಬಿಡೋ ವಸ್ತು ಇದೆ, ನೀರಲ್ಲಿ ನೆನೆದು ಬೆಂದಾಗ ಅದು ಹೋಗುತ್ತೆ.

ಕೊನೆಗೆ ಮತ್ತೆ ಮರಕ್ಕೆ, ಆ ಮೊಳೆಯ ಹತ್ರಕ್ಕೆ. ಎರಡನೇ ಬಗೆ ಅಂದೆನಲ್ಲ, ದಪ್ಪ ಬೆಳೆಸೋದು. ಹೊಂಗೆ, ಬೇವು, ಮಾವು, ಇಂಥ ಮರಗಳ ತೊಗಟೆಯ ಕೆಳಗೆ ಕ್ಯಾಂಬಿಯಂ ಅನ್ನೋ ಪದರ ಇರುತ್ತೆ. ದಪ್ಪ ಎಷ್ಟು? ಕೆಲವೇ ಕೋಶಗಳಷ್ಟು. ಬರಿಗಣ್ಣಿಗೆ ಸರಿಯಾಗಿ ಕಾಣಲ್ಲ. ಅದು ಒಳಗಡೆಗೆ ಹೊಸ ಕಟ್ಟಿಗೆ ಕಟ್ಟುತ್ತೆ, ಹೊರಗಡೆಗೆ ಆಹಾರ ಸಾಗಿಸೋ ಒಳತೊಗಟೆ ಕಟ್ಟುತ್ತೆ. ತೆಂಗಿಗೆ, ಬಿದಿರಿಗೆ ಈ ಪದರವೇ ಇಲ್ಲ. ತೆಂಗಿನ ಮರ ಹತ್ತೋಕೆ ಕಾಂಡದಲ್ಲಿ ಮಾಡಿದ ಕಚ್ಚು ವರ್ಷಗಟ್ಟಲೆ ಹಾಗೇ ಉಳಿಯೋದು ಅದಕ್ಕೇ, ಮುಚ್ಚೋಕೆ ಹೊಸ ಪದರ ಬರಲ್ಲ.

ಹೊಂಗೆಯ ಕಾಂಡದ ಒಂದು ಕಡೆ ತೊಗಟೆ ಎದ್ದ್ರೆ ಅಂಚಿನ ಕ್ಯಾಂಬಿಯಂ ನಿಧಾನಕ್ಕೆ ಗಾಯ ಮುಚ್ಚುತ್ತೆ. ಆದ್ರೆ ಸುತ್ತಲೂ, ಬಳೆ ಥರ, ತೊಗಟೆ ಹೋದ್ರೆ? ಬೇರಿನಿಂದ ನೀರು ಒಳಗಿನ ಕಟ್ಟಿಗೆ ಮೂಲಕ ಮೇಲೆ ಹೋಗ್ತಾನೇ ಇರುತ್ತೆ, ಎಲೆ ಕೆಲವು ತಿಂಗಳು ಹಸಿರಾಗೇ ಇರುತ್ತೆ. ಆದ್ರೆ ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯೋ ದಾರಿ ಕಟ್ ಆಗಿರುತ್ತೆ. ಬೇರು ಹಸಿವಿನಿಂದ ಸಾಯುತ್ತೆ, ಆಮೇಲೆ ಮರ. ಯಾರಿಗಾದ್ರೂ ಒಂದು ಮರ ಬೇಡ ಅಂದ್ರೆ ಕೊಡಲಿ ಸದ್ದೇ ಇಲ್ಲದೆ ಅದನ್ನ ಕೊಲ್ಲಬಹುದು. ಬುಡದಲ್ಲಿ ಒಂದು ಸುತ್ತು ತೊಗಟೆ ಎಬ್ಬಿಸಿದ್ರೆ ಸಾಕು. ಮರ ಒಣಗಿದಾಗ ‘ತಾನಾಗೇ ಒಣಗಿತು’ ಅಂತಾರೆ.

ಬೇಕಂತಲೇ ಮಾಡದಿದ್ರೂ ನಮ್ಮ ಊರುಗಳಲ್ಲಿ ಇದೇ ನಡೀತಿದೆ. ಸಸಿ ನೆಟ್ಟಾಗ ಹಾಕಿದ ಕಬ್ಬಿಣದ ಟ್ರೀ ಗಾರ್ಡ್ ಹಾಗೇ ಇರುತ್ತೆ, ಮರ ದಪ್ಪ ಆಗ್ತಾ ಅದರ ಪಟ್ಟಿ ತೊಗಟೆಯೊಳಗೆ ಕಚ್ಚಿಕೊಳ್ಳುತ್ತೆ. ಕೇಬಲ್ ವೈರ್ ಸುತ್ತಿರ್ತಾರೆ, ಫ್ಲೆಕ್ಸ್ ಕಟ್ಟೋಕೆ ಬಿಗಿದ ತಂತಿ ಹಬ್ಬ ಮುಗಿದ್ರೂ ಬಿಚ್ಚಲ್ಲ, ಸೀರಿಯಲ್ ಸೆಟ್ ಸುತ್ತಿದ ದಾರ ಹಾಗೇ ಇರುತ್ತೆ. ತಂತಿ ಬೆಳೆಯಲ್ಲ, ಮರ ಬೆಳೆಯುತ್ತೆ. ಕೆಲವು ವರ್ಷದಲ್ಲಿ ಆ ತಂತಿಯೇ ಬಳೆಯಾಗಿ ಮರದ ಕುತ್ತಿಗೆ ಹಿಸುಕುತ್ತೆ. ಮಳೆ ಗಾಳಿಗೆ ಮರ ಸರಿಯಾಗಿ ಅಲ್ಲೇ ಮುರಿದು ಯಾರದೋ ಮೇಲೆ ಬಿದ್ದಾಗ ನಾವು ಮಳೆಯನ್ನ ಬೈತೀವಿ.

ಒಟ್ಟಾರೆ ಇಷ್ಟು. ಹುಲ್ಲು ತನ್ನ ಸುಳಿಯನ್ನ ಬುಡದಲ್ಲಿ ಬಚ್ಚಿಟ್ಟಿದೆ, ತೊಗರಿ ಹತ್ತು ಕಡೆ ಮೀಸಲು ಇಟ್ಟಿದೆ, ತೆಂಗು ಒಂದನ್ನೇ ತಲೆ ಮೇಲೆ ಹೊತ್ತಿದೆ, ಬೀದಿ ಮರ ಅದನ್ನ ಕಾಗದದಷ್ಟು ತೆಳು ಪದರವಾಗಿ ಮೈತುಂಬ ಹೊದ್ದಿದೆ. ಗಿಡಕ್ಕೆ ಕತ್ತರಿ, ಮಚ್ಚು, ಹಗ್ಗ ಹಚ್ಚೋ ಮುಂಚೆ ‘ಇದರ ಸುಳಿ ಎಲ್ಲಿದೆ’ ಅಂತ ಒಂದು ಸಲ ಕೇಳ್ಕೊಂಡ್ರೆ ಸಾಕು, ಎಲ್ಲಿ ಕತ್ತರಿಸಬಹುದು, ಎಲ್ಲಿ ಮುಟ್ಟಲೇಬಾರದು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಈ ವಾರ ನಿಮಗೆ ಒಂದೇ ಕೆಲಸ. ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಯಾವ ಮರಕ್ಕೆ ತಂತಿ, ದಾರ, ಹಳೇ ಟ್ರೀ ಗಾರ್ಡ್ ಕಚ್ಚಿಕೊಂಡಿದೆ ನೋಡಿ. ಬಿಚ್ಚೋಕೆ ಆಗೋ ದಾರ, ಕಟ್ಟು ತಂತಿ ನೀವೇ ಬಿಚ್ಚಿ. ಕರೆಂಟಿನ ವೈರ್ ಇದ್ರೆ ಮಾತ್ರ ಕೈ ಹಾಕಬೇಡಿ, ಫೋಟೋ ತೆಗೆದು ಪಾಲಿಕೆಗೋ ಪಂಚಾಯಿತಿಗೋ ಕಳಿಸಿ. ಟ್ರೀ ಗಾರ್ಡ್ ತೊಗಟೆಯೊಳಗೆ ಹೋಗಿದ್ರೆ ಜಗ್ಗಿ ಎಳೀಬೇಡಿ, ತೊಗಟೆ ಕಿತ್ತು ಬರುತ್ತೆ. ಗೊತ್ತಿರೋರಿಂದ ಹೊರಗಿರೋ ಭಾಗವನ್ನ ಮಾತ್ರ ಕತ್ತರಿಸಿ ತೆಗೆಸಿ.

ಎಷ್ಟು ಮರದ ಕಟ್ಟು ಬಿಚ್ಚಿದ್ರಿ ಅಂತ ನನಗೆ ಮೆಸೇಜ್ ಮಾಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.